ಪಿನ್ನಿನ ಹಿಂದಿನ ಸ್ಪ್ರಿಂಗ್

ಪಂಪ್ ಕಾರ್ಖಾನೆಯ ಕೆಲಸ ಬಿಟ್ಟು ಪೇಟೆಂಟ್ ವಕೀಲೆಯಾಗಿ ವರ್ಷಗಳೇ ಕಳೆದಿದ್ದರೂ ಅವಳೊಳಗಿನ ಎಂಜಿನಿಯರ್ ಸುಮ್ಮನೆ ಕೂರುವ ಜಾಯಮಾನದವಳಲ್ಲ. ಯಾರೋ ಕಂಡುಹಿಡಿದದ್ದನ್ನು ಕಾಗದದ ಮೇಲೆ ಓದಿದರೆ ಅವಳಿಗೆ ಸಾಲದು, ಕೈಯಾರೆ ಕಟ್ಟಿ ನೋಡಬೇಕು. ಹಾಗಾಗಿ ಅವಳ ಅಡುಗೆಮನೆಯಲ್ಲಿ ಸೌಟಿಗಿಂತ ಸ್ಪ್ಯಾನರ್ ಬೇಗ ಸಿಗುತ್ತಿತ್ತು. ಗಂಡ ಬೇರೆ ದಾರಿ ಕಾಣದೆ ಒಗ್ಗಿಕೊಂಡಿದ್ದ, ಪಾಪ.

ಈ ಸಲದ ಕಕ್ಷಿದಾರರು ಸೈಕಲ್ ರಿಪೇರಿ ಅಂಗಡಿಯ ಅಕ್ಕತಂಗಿಯರು. ಮಗುವಿನ ತಳ್ಳುಗಾಡಿಗೆ ಒಂದು ಬ್ರೇಕ್ ಮಾಡಿದ್ದರು. ಹಿಡಿಯಿಂದ ಕೈ ತೆಗೆದರೆ ಸಾಕು, ಸ್ಪ್ರಿಂಗೊಂದು ಪಿನ್ನನ್ನು ಚಕ್ರದೊಳಕ್ಕೆ ತಳ್ಳಿ ಗಾಡಿ ನಿಲ್ಲಿಸುತ್ತದೆ. ಪೇಟೆಂಟ್ ಕಚೇರಿಯ ಪರೀಕ್ಷಕರು ಮಾತ್ರ ಓಬೀರಾಯನ ಕಾಲದ ಪೇಟೆಂಟೊಂದನ್ನು ಹೊರತೆಗೆದು, ‘ಇದೂ ಅದೇ’ ಎಂದು ಕೊಕ್ಕೆ ಹಾಕಿದ್ದರು. ಮರುದಿನವೇ ಕೊನೆಯ ವಿಚಾರಣೆ. ಸೋತರೆ ಯಾವ ಕಂಪನಿ ಬೇಕಾದರೂ ಆ ಬ್ರೇಕನ್ನು ಇವರನ್ನು ಕೇಳದೆ ಮಾಡಿ ಮಾರಬಹುದು.

ಸಂಜೆ ಅವಳು ಆ ಹಳೆಯ ಚಿತ್ರ ನೋಡಿಕೊಂಡು ಬ್ರೇಕ್ ಕಟ್ಟಿದಳು. ಅದು ಕೆಲಸ ಮಾಡದಿದ್ದರೆ ಗೆದ್ದಂತೆಯೇ. ಓರೆ ಹಲಗೆಯ ಮೇಲೆ ಗಾಡಿ ಇಟ್ಟು ಕೈಬಿಟ್ಟಳು. ಗಾಡಿ ಕದಲಲಿಲ್ಲ.

"ಎಷ್ಟು ಚೆನ್ನಾಗಿ ನಿಂತಿದೆ!" ಎಂದು ಗಂಡ ಚಪ್ಪಾಳೆ ತಟ್ಟಿದ.

"ಸುಮ್ನಿರಿ ಅಂದ್ರೆ! ಇದು ನಿಂತ್ರೆ ನಾವು ಮುಳುಗಿದ್ವಿ."

ಎಲ್ಲವನ್ನೂ ಕಳಚಿ ಚಿತ್ರದೊಂದಿಗೆ ತಾಳೆ ನೋಡಿದಳು. ಚಿತ್ರದಲ್ಲಿ ಸ್ಪ್ರಿಂಗ್ ಇದ್ದದ್ದು ಪಿನ್ನಿನ ಮುಂದೆ, ಚಕ್ರದ ಕಡೆಗೆ. ಅಲ್ಲಿದ್ದರೆ ಅದು ಪಿನ್ನನ್ನು ಹೊರಕ್ಕೆ ತಳ್ಳುತ್ತದೆಯೇ ಹೊರತು ಒಳಕ್ಕಲ್ಲ. ಅವಳು ಹಾಕಿದ್ದು ಹಿಂದೆ. ಅದು ಅಕ್ಕತಂಗಿಯರ ಉಪಾಯ! ತಿಂಗಳುಗಟ್ಟಲೆ ಅವರ ಬ್ರೇಕನ್ನೇ ತಿರುವಿ ನೋಡಿದ ಕೈ, ಇವಳನ್ನು ಒಂದು ಮಾತೂ ಕೇಳದೆ ಹಳಬರ ತಪ್ಪು ತಿದ್ದಿತ್ತು. ಅವಳಿಗೆ ನಾಚಿಕೆಯೂ ನಗುವೂ ಒಟ್ಟಿಗೇ ಬಂದವು.

ಮರುದಿನ ಅವಳು ಉದ್ದುದ್ದ ವಾದಿಸಲಿಲ್ಲ. ಹಲಗೆ, ಗಾಡಿ, ಬಿಡಿಭಾಗಗಳನ್ನು ಪರೀಕ್ಷಕರ ಮುಂದಿಟ್ಟಳು. "ಸರ್, ನೀವೂ ಎಂಜಿನಿಯರ್ರೇ. ಹಳೇ ಪೇಟೆಂಟಿನ ಬ್ರೇಕ್ ನೀವೇ ಜೋಡಿಸಿ ತೋರಿಸ್ಬಿಡಿ."

ಅವರ ಮುಖ ಅರಳಿತು. ಕೋಟು ಕಳಚಿ ನೆಲದ ಮೇಲೇ ಕೂತು ಜೋಡಿಸಿದರು. ಕೈಬಿಟ್ಟಾಗ ಗಾಡಿ ಗಟ್ಟಿಯಾಗಿ ನಿಂತಿತು. "ನೋಡಿದ್ರಾ?" ಎಂದು ಬೀಗಿದರು. ಅಕ್ಕತಂಗಿಯರ ಮುಖ ಬಾಡಿತು.

"ಚಿತ್ರದಲ್ಲಿ ಸ್ಪ್ರಿಂಗ್ ಎಲ್ಲಿದೆ ಸರ್?"

ಅವರು ಚಿತ್ರ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಸ್ಪ್ರಿಂಗನ್ನು ಚಿತ್ರದಲ್ಲಿದ್ದಂತೆ ಮುಂದಕ್ಕೆ ಹಾಕಿ ಕೈಬಿಟ್ಟರು. ಗಾಡಿ ಸರ್ರನೆ ಜಾರಿ ಗೋಡೆಗೆ ಗುದ್ದಿತು.

"ಅಯ್ಯೋ, ಇವರ ಅರ್ಜಿ ಓದಿ ಓದಿ ನನ್ನ ತಲೇಲೂ ಅದೇ ಕೂತ್ಬಿಟ್ಟಿದೆ!" ಪರೀಕ್ಷಕರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಒಪ್ಪಿದೆ ಕಣ್ರಮ್ಮ. ಈ ಬ್ರೇಕ್ ನಿಮ್ಮದೇ."

ಹೊರಗೆ ಬಂದದ್ದೇ ತಂಗಿ ಕುಣಿದಾಡಿದಳು. ಅಕ್ಕ ವಕೀಲೆಯ ಕೈ ಹಿಡಿದು, "ಮೇಡಂ, ನಿಮ್ಮ ಹೆಸರೂ ಜೊತೆಗೆ ಹಾಕ್ಸೋಣ. ನಮ್ಮಷ್ಟೇ ನೀವೂ ಒದ್ದಾಡಿದ್ದೀರಿ" ಎಂದಳು.

"ಬೇಡಮ್ಮ. ಎಂಜಿನಿಯರ್‌ಗಳಿಗೆ ತಾನಾಗೇ ಹೊಳೆಯೋದಕ್ಕೆ ಪೇಟೆಂಟ್ ಕೊಡಲ್ಲ. ಇದು ನನ್ನಂಥೋರಿಗೆ ಹೊಳೆಯೋ ವಿಷಯ ಆಗಿದ್ರೆ ಇವತ್ತು ನೀವು ಸೋಲ್ತಿದ್ರಿ," ಎಂದು ವಕೀಲೆ ಇಬ್ಬರನ್ನೂ ಬಾಚಿ ತಬ್ಬಿಕೊಂಡಳು. "ನನಗೆ ಹೊಳೀಲಿಲ್ಲ ಅಂತ ಇಷ್ಟು ಖುಷಿ ಯಾವತ್ತೂ ಆಗಿರ್ಲಿಲ್ಲ!"