ದಯಾಮಣಿಯ ಮಡಿಲಕ್ಕಿ

ನಿಂಗಯ್ಯ ಮೇಷ್ಟ್ರು ಹಿಂದಿನ ಬೆಂಚುಗಳನ್ನು ಗೋಡೆಗೆ ಸರಿಸುತ್ತಿದ್ದಾಗ ಹೊರಗೆ ಎತ್ತಿನ ಗಾಡಿಗಳು ಬಂದು ನಿಂತವು. ಮಂಡ್ಯದ ಆ ಪುಟ್ಟ ಚರ್ಚಿಗೆ, ಮಗಳ ಕೊನೆಯ ಪ್ರಾರ್ಥನೆಗೆ, ಹದಿನೈದು ಜನ ಬಂದರೆ ಹೆಚ್ಚು ಎಂದುಕೊಂಡಿದ್ದರು. ಹೊಳಲು ಹಳ್ಳಿಯಿಂದ ಮೂರು ಗಾಡಿ ತುಂಬ ಹೆಂಗಸರು ಬಂದಿಳಿದರು. ಎಲ್ಲರ ಸೊಂಟದ ಮೇಲೂ ಒಂದೊಂದು ಕೂಸು.

ಕೂಸುಗಳೆಲ್ಲ ಮೇಷ್ಟ್ರ ಮಗಳು ದಯಾಮಣಿಯ ಕೈಯಲ್ಲಿ ಹುಟ್ಟಿದವು. ಮಿಷನ್ ಆಸ್ಪತ್ರೆಯಲ್ಲಿ ಹೆರಿಗೆ ಕೆಲಸ ಕಲಿತು ನಾಲ್ಕು ವರ್ಷ ನಾಲೆ ಬದಿಯ ಹಳ್ಳಿಗಳನ್ನು ಸುತ್ತಿದವಳನ್ನು, ನಾಲೆಯ ನೀರಿನ ಹಿಂದೆಯೇ ಬಂದ ಚಳಿಜ್ವರ ಇಪ್ಪತ್ತನಾಲ್ಕನೇ ವಯಸ್ಸಿಗೇ ಕರೆದೊಯ್ದಿತ್ತು.

ಪಾದ್ರಿಗಳು ಪುಸ್ತಕ ತೆರೆದರು. ಒಂದು ಕೂಸು ಅತ್ತಿತು. ಅದನ್ನು ಕೇಳಿ ಇನ್ನೊಂದು, ಆಮೇಲೆ ಎಲ್ಲವೂ. ಪ್ರಾರ್ಥನೆ ನಿಂತಿತು.

"ನಿಮ್ಮ ಮಗಳಿದ್ದಿದ್ರೆ ಒಂದೇ ಗದರಿಕೆಗೆ ಸುಮ್ಕಾಗ್ಸೋಳು ಕಣಿ ಮೇಷ್ಟ್ರೇ," ಎಂದಳು ಗಾಡಿಯಲ್ಲಿ ಬಂದ ಹೆಂಗಸರಲ್ಲೊಬ್ಬಳಾದ ಪಟ್ಟಲಮ್ಮ. "ನಾನು ನೋವಲ್ಲಿ ಅರಚ್ಕತಿದ್ರೆ, 'ಮೆತ್ತಗೆ ಕಣಮ್ಮ, ಕೂಸು ಎದರ್ಕಂಡು ಒಳ್ಗೇ ಕುಂತ್ಕತ್ತದೆ' ಅಂದ್ಲು. ನಗ್ತಾ ನಗ್ತಾ ಎತ್ತೆ."

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಪಾದ್ರಿಗಳೂ ತಲೆ ತಗ್ಗಿಸಿ ನಕ್ಕರು.

ಆಗ ಗಾಡಿಗಳಿಂದ ಮೊರಗಳು ಒಳಬಂದವು. ಅಕ್ಕಿ, ಬೆಲ್ಲ, ಕೊಬ್ಬರಿ, ಅರಿಸಿನದ ಕೊಂಬು. ಮದುವೆ ಹೆಣ್ಣಿಗೆ ತುಂಬುವ ಮಡಿಲಕ್ಕಿ.

"ಎರಿಗೆ ಆದಾಗೆಲ್ಲ ಕೊಡಕ್ಕೋದ್ವಿ. ನನ್ ಮದ್ವೇಗೆ ತನ್ನಿ ಅಂದ್ಲು. ಇನ್ಯಾವಾಗ ಕೊಡಾನ?" ಎಂದಳು ಪಟ್ಟಲಮ್ಮ.

ಪಾದ್ರಿಗಳು ಮೇಷ್ಟ್ರ ಮುಖ ನೋಡಿದರು. ಹದಿನೆಂಟು ವರ್ಷದ ಹಿಂದೆ ಹೊಳಲು ಬಿಟ್ಟು ಚರ್ಚಿಗೆ ಸೇರಿದ ದಿನ ಮನೆಯ ಅರಿಸಿನ ಕುಂಕುಮದ ಬಟ್ಟಲನ್ನು ತಾವೇ ಹೊರಗೆಸೆದವರು ಮೇಷ್ಟ್ರು. ಹಳೆಯ ಶಾಸ್ತ್ರ ಯಾವುದೂ ಬೇಡ ಎಂದು ನಿನ್ನೆಯೂ ಹೇಳಿದ್ದರು.

*

ಹೋದ ಸುಗ್ಗಿಯಲ್ಲಿ ದಯಾಮಣಿ ಹೊಳಲಿನಿಂದ ಬರಿಗೈಯಲ್ಲಿ ಬಂದು ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಊರಿನ ಹೆಂಗಸರು ಕೊಟ್ಟದ್ದನ್ನು ಯಾಕೆ ತರಲಿಲ್ಲ ಎಂದು ತಾಯಿ ಚಿಕ್ಕಬೋರಮ್ಮ ಅಡಿಗೆಮನೆಯಿಂದಲೇ ಕೇಳಿದಳು.

"ಅಪ್ಪ ಬೈತಾರೆ. ಮದ್ವೇಲೇ ಕೊಡಿ ಅಂದಿದ್ದೀನಿ. ಊರಿಗೂರೇ ಬಂದ್ರೆ ಅಪ್ಪ ಯಾರನ್ನ ಅಂತ ಓಡಿಸ್ತಾರೆ?"

ಒಳಗೆ ಚಿಕ್ಕಬೋರಮ್ಮ ನಕ್ಕದ್ದು ಮೇಷ್ಟ್ರಿಗೆ ಕೇಳಿಸಿತ್ತು. ಅವರು ಮಾತ್ರ ದಿನಪತ್ರಿಕೆಯ ಹಾಳೆ ಮಗುಚಿದ್ದರು.

*

ಚರ್ಚಿನ ಮುಂದಿನ ಬೆಂಚಿನಿಂದ ಚಿಕ್ಕಬೋರಮ್ಮ ಎದ್ದಳು. ಮಗಳ ಶವಪೆಟ್ಟಿಗೆಯ ಪಕ್ಕ ನಿಂತು, ಅವಳ ಬದಲಿಗೆ ತನ್ನ ಸೆರಗನ್ನು ಹರಡಿದಳು. ಹೆಂಗಸರ ಕಡೆ ನೋಡಲಿಲ್ಲ. ಗಂಡನನ್ನೇ ನೋಡಿದಳು.

ಮೇಷ್ಟ್ರಿಗೆ ಬೇಡ ಎನ್ನಲು ಒಂದು ಮಾತು ಸಾಕಿತ್ತು. ಅದು ನಾಲಿಗೆಯವರೆಗೂ ಬಂದಿತ್ತು.

"ತುಂಬ್ರಮ್ಮ," ಎಂದರು.

ಬೊಗಸೆ ಬೊಗಸೆಯಾಗಿ ಅಕ್ಕಿ ಬಿತ್ತು. ಯಾರೋ ಸೋಬಾನೆ ಎತ್ತಿಕೊಂಡರು. ಮೂರು ಗಾಡಿಯ ಅಕ್ಕಿ ಒಂದು ಸೆರಗಿಗೆ ಹಿಡಿಯುವುದೆಲ್ಲಿ? ಸೆರಗು ಜಗ್ಗಿ ಜಾರತೊಡಗಿತು. ಮೇಷ್ಟ್ರು ಹೆಗಲ ಮೇಲಿನ ಶಲ್ಯ ತೆಗೆದು, ಹೆಂಡತಿಯ ಪಕ್ಕ ನಿಂತು ಎರಡೂ ಕೈಗಳಲ್ಲಿ ಒಡ್ಡಿದರು.

"ಗಂಡಸ್ರೂ ಮಡ್ಲು ಒಡ್ತಾರಾ ಮೇಷ್ಟ್ರೇ?" ಪಟ್ಟಲಮ್ಮನಿಗೆ ನಗು ತಡೆಯಲಾಗಲಿಲ್ಲ.

ಅವಳ ಸೊಂಟದ ಮೇಲಿದ್ದ ಕೂಸು ಬಗ್ಗಿ, ಶಲ್ಯದೊಳಕ್ಕೆ ಕೈ ಹಾಕಿ ಬೆಲ್ಲದ ಚೂರೊಂದನ್ನು ಹೆಕ್ಕಿ ಬಾಯಿಗಿಟ್ಟುಕೊಂಡಿತು. ಬೆಲ್ಲದ ಜೊಲ್ಲು ಮೇಷ್ಟ್ರ ಬಿಳಿ ಅಂಗಿಯ ತೋಳಿನ ಮೇಲೆ ಇಳಿಯುತ್ತಿತ್ತು. ಅವರು ಕೈ ಅಲುಗಿಸದೆ ನಿಂತಿದ್ದರು.