ಹಜರಾಬಿಯ ಅಂಗಳದಲ್ಲಿ ಸರದಾರ

ವಿಜಾಪುರ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಸಂಕ್ರಾಂತಿಯ ಎದುರಿಗೆ, ಸಿಂದಗಿ ತಾಲೂಕಿನ ಕನ್ನೊಳ್ಳಿಯಲ್ಲಿ ಒಂದು ನಾಯಿ ಒಂಬತ್ತು ಕೋಳಿಗಳನ್ನು ಕೊಂದಿತು. ಕೋಳಿಗಳು ವಿಧವೆ ಹಜರಾಬಿಯವು, ನಾಯಿ ರಾಚಪ್ಪಗೌಡನದು. ಸರದಾರ ಎಂಬ ಆ ಮುಧೋಳದ ಬೇಟೆನಾಯಿಯ ಮೇಲೆ ಗೌಡನಿಗೆ ಎಲ್ಲಿಲ್ಲದ ಅಭಿಮಾನ. ಅವನ ಮನೆಯಲ್ಲಿ ಮಾಂಸ ಬೇಯುವಂತಿರಲಿಲ್ಲ. ನಾಯಿ ಹಿಡಿದ ಮೊಲಗಳನ್ನು ಆಳುಗಳಿಗೆ ಹಂಚಿಬಿಡುತ್ತಿದ್ದ. ಅವನ ಹಸಿವೇನಿದ್ದರೂ ಜನರ ಶಹಬ್ಬಾಸಿನದು.

ಹಜರಾಬಿ ಸತ್ತ ಕೋಳಿಗಳನ್ನು ಚಾವಡಿಯಲ್ಲಿ ಸಾಲಾಗಿ ಮಲಗಿಸಿ ನ್ಯಾಯ ಕೇಳಿದಾಗ ಗೌಡ ಹೊಟ್ಟೆ ಹಿಡಿದುಕೊಂಡು ನಕ್ಕ.

“ಬ್ಯಾಟಿನಾಯಿ ಕೋಳಿ ಹಿಡೀದ ಜ್ವಾಳ ಬೀಸತೈತೇನ? ನಿನ್ನ ಕೈಲೆ ಆದ್ರ ನೀನ ಬುದ್ಧಿ ಕಲಸು, ತಗೊಂಡ ಹೋಗು!”

ಕೂತಿದ್ದವರೆಲ್ಲ ಅವನೊಡನೆ ನಕ್ಕರು. ಕೋಳಿಗಳ ಸಂಕಟ ನಾಲ್ಕು ದಿನಗಳಲ್ಲಿ ಆರಬಹುದಿತ್ತು. ಆ ನಗು ಮಾತ್ರ ಹಜರಾಬಿಯ ಎದೆಯಲ್ಲಿ ಮುಳ್ಳಿನಂತೆ ಮುರಿದು ಉಳಿಯಿತು.

“ಆತ್ರಿ ಗೌಡ್ರ. ಹೋಳಿ ಹುಣ್ಣಿವಿತನಾ ನಾಯಿ ನನ್ನ ಹತ್ರ ಇರ್ಲಿ,” ಎಂದಳು.

ಗೌಡನ ಮುಖ ಸಣ್ಣಗಾಯಿತು. ಹಿರಿಯ ಮೀರಾಸಾಬ, “ಚಾವಡ್ಯಾಗ ಹತ್ತ ಮಂದಿ ಮುಂದ ಆಡೀರಿ. ಹಿಂದಕ್ಕ ತಗೊಳ್ಳಾಕ ಬರಂಗಿಲ್ರಿ,” ಎಂದ. ಗೌಡ ಹಗ್ಗವನ್ನು ಅವಳ ಕೈಗೆಸೆದು ಹೋದ.

ವಿಷ ಹಾಕುತ್ತಾಳೆಂದು ಊರು ಮಾತಾಡಿಕೊಂಡಿತು. ವಿಷ ಅವಳ ಮನಸ್ಸಿಗೂ ಬಂದಿತ್ತು. ಆದರೆ ಸತ್ತ ನಾಯಿಗಾಗಿ ಗೌಡ ಒಂದು ದಿನ ಅತ್ತು ಇನ್ನೊಂದನ್ನು ತಂದಾನು. ಅವಳಿಗೆ ಬೇಕಾಗಿದ್ದದ್ದು ಅವನು ಜನರೆದುರು ತಲೆತಗ್ಗಿಸುವುದು.

ಸರದಾರನನ್ನು ಬೇವಿನ ಗಿಡಕ್ಕೆ ಕಟ್ಟಿ, ತಂಗಿಯ ಮನೆಯಿಂದ ತಂದ ನಾಲ್ಕು ಕೋಳಿಗಳನ್ನು ದೂರದಲ್ಲಿ ಬುಟ್ಟಿಯಡಿ ಮುಚ್ಚಿಟ್ಟಳು. ನಾಯಿ ಹಗ್ಗ ಹರಿಯುವಂತೆ ಜಗ್ಗಿತು. ಹಜರಾಬಿ ಬೈಯಲಿಲ್ಲ, ಬಡಿಯಲಿಲ್ಲ. ಅದು ದಣಿದು ತನ್ನತ್ತ ಮುಖ ತಿರುಗಿಸಿದಾಗ ಒಣಮಾಂಸದ ಒಂದು ಚೂರನ್ನು ಬಾಯಿಗಿಟ್ಟಳು. ಗೌಡನ ಮನೆಯ ರೊಟ್ಟಿ, ಅಂಬಲಿಯಲ್ಲೇ ಬೆಳೆದ ನಾಯಿಗೆ ಆ ರುಚಿ ತಲೆಗೇರಿತು. ಬುಟ್ಟಿ ದಿನಕ್ಕೊಂದು ಗೇಣು ಹತ್ತಿರ ಬಂತು. ತಿಂಗಳೊಳಗೆ ಕೋಳಿಗಳು ಅದರ ಕಾಲಸಂದಿಯಲ್ಲೇ ಕಾಳು ಹೆಕ್ಕತೊಡಗಿದವು.

ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಕೋಳಿಗಳನ್ನು ಅದರ ಮೂಗಿನೆದುರೇ ಓಡಿಸಿದಳು. ಮೊಲದ ತೊಗಲಿಗೆ ದಾರ ಕಟ್ಟಿ ಸರ್ರನೆ ಎಳೆದಳು. ಓಡುವುದು ಏನೇ ಕಂಡರೂ ಕುಳಿತು ಮನುಷ್ಯರ ಮುಖ ನೋಡಿದರೆ ಮಾತ್ರ ಮಾಂಸ.

“ತಿನ್ನಪಾ ಸರದಾರ, ನಿಮ್ಮ ಗೌಡನ ಮೀಸಿ ತಿನ್ನು,” ಎನ್ನುತ್ತಿದ್ದಳು, ಒಂದೊಂದು ಚೂರಿಗೂ.

ಹೋಳಿ ಮುಗಿದ ಮರುದಿನ ಗೌಡ ನಾಯಿಯನ್ನು ಒಯ್ದ. ಆ ವಾರದ ಬೇಟೆಗೆ ಇಂಡಿ, ಮುದ್ದೇಬಿಹಾಳಗಳಿಂದಲೂ ಜನ ನಾಯಿಗಳೊಂದಿಗೆ ಕೂಡಿದ್ದರು. ಹಜರಾಬಿ ಕಟ್ಟಿಗೆ ಆರಿಸುವ ನೆಪದಲ್ಲಿ ಬದುವಿನ ಮೇಲೆ ನಿಂತಿದ್ದಳು. ಪೊದೆಯಿಂದ ಮೊಲ ಚಿಮ್ಮಿತು. ಉಳಿದ ನಾಯಿಗಳು ಬಾಣದಂತೆ ಹೋದವು. ಸರದಾರ ಕುಳಿತುಬಿಟ್ಟಿತು, ಬಾಲವಾಡಿಸುತ್ತ ಗೌಡನ ಮುಖವನ್ನೇ ನೋಡಿತು.

“ಗೌಡ್ರ, ಒಂದ ಕೌದಿ ಹಾಸ್ರೆಲಾ, ಪಾಪ, ಬರೇ ನೆಲದ ಮ್ಯಾಲ ಕುಂತೈತಿ!” ಎಂದು ಇಂಡಿಯವನೊಬ್ಬ ಕೂಗಿದ.

ಹೊಲಕ್ಕೆ ಹೊಲವೇ ನಕ್ಕಿತು. ಹಜರಾಬಿ ಆ ನಗುವನ್ನು ಹಬ್ಬದ ಸಿಹಿಯಂತೆ ನಿಧಾನವಾಗಿ ಚಪ್ಪರಿಸಿದಳು.

ಸಂಜೆ ಗೌಡ ನಾಯಿಯನ್ನೆಳೆದುಕೊಂಡು ಅವಳ ಬಾಗಿಲಿಗೆ ಬಂದ. “ಏನ ಮಾಡಿದಿ ಇದಕ್ಕ? ಮೊದಲಿನಂಗ ಮಾಡು!”

“ಕಲಸಂದ್ರಿ, ಕಲಿಸೇನಿ. ಮರಸೂದು ಬ್ಯಾರೆ ಕೆಲಸಾರಿ. ಅದಕ್ಕ ದಿನಾ ಮಾಂಸ ಬೇಕು, ಅದೂ ನಿಮ್ಮ ಕೈಲೆ. ಆಳಿನ ಕೈಲೆ ತಿಂದ್ರ ಆಳಿನ ನಾಯಿ ಆಗತೈತಿ. ಕಸ್ತೂರೆವ್ವಗ ಹೇಳಿ ಒಲಿ ಮ್ಯಾಲ ಒಂದ ಗಡಿಗಿ ಇಡಸ್ರಿ.”

ಹೆಂಡತಿ ಕಸ್ತೂರೆವ್ವನ ಒಲೆಯ ಬಳಿ ಆ ಮಾತನ್ನು ಉಸುರುವ ಧೈರ್ಯ ಗೌಡನಿಗಿರಲಿಲ್ಲ.

“ಆಗಂಗಿಲ್ಲಂದ್ರ ನೀವ ಇಲ್ಲಿ ಬಂದು ನನ್ನ ಕೋಳಿ ನಡುವ ಕುಂದರ್ರಿ. ಮಾಂಸ ನಾ ಕೊಡತೀನಿ, ನಿಮ್ಮ ಕೈಲೆ ತಿನಸ್ರಿ.”

ಮರುದಿನ ಬಿಸಿಲೇರುವ ಹೊತ್ತಿಗೆ ಗೌಡ ನಾಯಿಯೊಂದಿಗೆ ಬಂದು ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ. ನೀರಿಗೆ ಹೊರಟ ಹೆಂಗಸರು ಬೇಲಿಯಾಚೆ ಕೊಡ ಇಳಿಸಿ ನಿಂತು ನೋಡಿದರು.

“ಮೀಸಿ ಮ್ಯಾಲ ಕೈ ಆಡಿಸಬ್ಯಾಡ್ರಿ, ಕೋಳಿ ಅಂಜ್ತಾವ,” ಎಂದಳು ಹಜರಾಬಿ.

ಗೌಡ ಕೈ ಇಳಿಸಿದ. “ಎಷ್ಟ ದಿನಾ ಹಿಂಗ?”

“ನಾಯಿ ಜಲ್ದಿ ಕಲೀತದರಿ,” ಎಂದು ಅವಳು ಕೋಳಿಗಳ ಕಾಳಿನ ಮೊರವನ್ನು ಅವನ ಮುಂದೆ ಸರಿಸಿದಳು. “ನಿಮ್ಮದ ನೋಡಬೇಕು.”