ಹುವಮಾನಿ ಎಂಬ ಒಂದೇ ಫೈಲು

ನಾನೂರ ಹನ್ನೆರಡು ಫೈಲು ಸಾಗಬೇಕಿತ್ತು. ಹೊಸ ಕಂಪ್ಯೂಟರಿನಲ್ಲಿ ಇದ್ದದ್ದು ತೊಂಬತ್ತೇಳು. ನೆಲಿದಾ ಎರಡು ಸಲ ಎಣಿಸಿದಳು, ಮೂರನೆಯ ಸಲಕ್ಕೆ ಧೈರ್ಯ ಸಾಲಲಿಲ್ಲ.

ಅಯಾಕೂಚೊ ಎಂಬ ಬೆಟ್ಟದೂರಿನ ಆ ಪುಟ್ಟ ಕಚೇರಿಯಲ್ಲಿ ಅವಳದು ಒಂದೇ ಕೆಲಸ. ಯುದ್ಧದ ಕಾಲದಲ್ಲಿ ಕಾಣೆಯಾದವರ ಮನೆಯವರು ಹೇಳಿದ್ದನ್ನು ಕ್ಯಾಸೆಟ್ಟಿನಲ್ಲಿ ಕೇಳಿ ವರ್ಡಿನಲ್ಲಿ ಟೈಪು ಮಾಡುವುದು. ಟೈಪಾದ ಕ್ಯಾಸೆಟ್ಟನ್ನು ಅಳಿಸಿ ಮುಂದಿನವರಿಗೆ ಬಳಸುವುದು ಅಲ್ಲಿನ ಉಳಿತಾಯ. ಎಲ್ಲವನ್ನೂ ಹೊಸ ಕಂಪ್ಯೂಟರಿಗೆ ಸಾಗಿಸಲು, ಹೋದ ವರ್ಷ ಪರದೇಶದಿಂದ ಬಂದಿದ್ದ ಗ್ರಿಂಗೊ ಒಬ್ಬ ಮ್ಯಾಕ್ರೊ ಬರೆದಿಟ್ಟು ಹೋಗಿದ್ದ. ಗುಂಡಿ ಒತ್ತಿದರೆ ಅದು ಒಂದೊಂದೇ ಫೈಲನ್ನು ತೆರೆದು, ಹೇಳಿದವರ ಮನೆತನದ ಹೆಸರಿನಲ್ಲಿ ನಕಲು ಮಾಡಿ, ಹಳೆಯದನ್ನು ಅಳಿಸುತ್ತಿತ್ತು. ಮೊದಲು ನಾಲ್ಕು ಫೈಲಿನ ಮೇಲೆ ಪರೀಕ್ಷಿಸಿದ್ದರೆ ಇವಳ ಗಂಟೇನು ಹೋಗುತ್ತಿತ್ತು? ಊಟಕ್ಕೆ ಮುಂಚೆ ಮುಗಿಯಲೆಂದು ಒತ್ತಿಬಿಟ್ಟಳು.

ಆ ಪುಣ್ಯಾತ್ಮನ ಊರಿನಲ್ಲಿ ಮನೆತನದ ಹೆಸರು ಒಂದೇ, ಅದೂ ಕೊನೆಯಲ್ಲಿ. ಇಲ್ಲಿ ಅಪ್ಪನದು ಮೊದಲು, ಅಮ್ಮನದು ಆಮೇಲೆ. ಎರಡೂ ಸೇರಿದರೇ ಮನುಷ್ಯ ಯಾರೆಂದು ತಿಳಿಯುವುದು. ಮ್ಯಾಕ್ರೊ ಕೊನೆಯ ಪದವನ್ನಷ್ಟೇ ಹಿಡಿದಿತ್ತು. ಅಮ್ಮನ ಕಡೆಯಿಂದ ಹುವಮಾನಿ ಎಂಬ ಹೆಸರಿದ್ದ ಇಪ್ಪತ್ತಮೂರು ಮಂದಿ ಒಂದೇ ಫೈಲಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು, ಹಿಂದಿನವರೆಲ್ಲ ಅಳಿಸಿಹೋಗಿ, ಪಟ್ಟಿಯಲ್ಲಿ ಕಟ್ಟಕಡೆಗಿದ್ದ ಸೆನೋನ್ ಮಾತ್ರ ಉಳಿದಿದ್ದ.

ಪಟ್ಟಿಯಲ್ಲಿ ಮೊದಲಿದ್ದವಳು ಅಲೆಹಾಂದ್ರೀನಾ ಸುಲ್ಕಾ ಹುವಮಾನಿ. ಉಳಿದವರು ಬೈದುಕೊಂಡಾದರೂ ಮತ್ತೆ ಬಂದು ಹೇಳಿಯಾರು. ಮಗನನ್ನು ಎಳೆದೊಯ್ದದ್ದನ್ನು ಕಂಡಿದ್ದ ಒಬ್ಬಳೇ ಸಾಕ್ಷಿಯಾದ ಈ ಮುದುಕಿ ಮಾತ್ರ ಅಂದೇ ಹೇಳಿದ್ದಳು: "ಒಂದೇ ಸಲ ಹೇಳ್ತೀನಿ, ಮಗಾ. ಇನ್ನೊಂದ್ಸಲ ಬಾಯಿಗೆ ತಂದ್ರೆ ನಾನು ಉಳಿಯಲ್ಲ."

ಮಾರುಕಟ್ಟೆಯಲ್ಲಿ ಮುದುಕಿ ಹುರಿದ ಮೆಕ್ಕೆಜೋಳ ಅಳೆಯುತ್ತಿದ್ದಳು. ನೆಲಿದಾ ಅವಳ ಮುಂದೆ ಹೋಗಿ ನಿಂತಳು.

"ಅಜ್ಜೀ, ನೀವು ಹೇಳಿದ್ದು ಅಳಿಸಿಹೋಯ್ತು."

"ಮಿಷಿನ್ನು ನುಂಗ್ತಾ?"

"ಇಲ್ಲ. ನಾನೇ ಅಳಿಸ್ಬಿಟ್ಟೆ."

ಮುದುಕಿ ಅಳತೆಯ ಲೋಟ ಕೆಳಗಿಟ್ಟಳು. ಬೈದಿದ್ದರೆ ಎಷ್ಟೋ ವಾಸಿ ಅನಿಸಿತು ನೆಲಿದಾಳಿಗೆ.

"ಆ ಕ್ಯಾಸೆಟ್ಟು ಎಷ್ಟು ಸಲ ಕೇಳಿದ್ದೆ?"

"ಹನ್ನೊಂದು ಸಲ. ನಿಮ್ಮ ದನಿ ಮೆತ್ತಗಿತ್ತು."

"ಹಂಗಾದ್ರೆ ನಿಂಗೆ ಬರುತ್ತೆ. ಕೂತ್ಕೋ, ಹೇಳು. ತಪ್ಪಿದ್ರೆ ತಿದ್ತೀನಿ."

"ನಾನಾ?"

"ಮತ್ತಿನ್ಯಾರು, ನಿನ್ನ ಮಿಷಿನ್ನಾ? ಅಜ್ಜಿ ಹಂಗಂದ್ಲು, ಹಿಂಗಂದ್ಲು ಅನ್ಬೇಡ. ನಾನು ಹೇಳ್ದಂಗೇ ಹೇಳು."

ನೆಲಿದಾ ಜೋಳದ ಚೀಲದ ಪಕ್ಕ ಕುಳಿತಳು. ಟೈಪು ಮಾಡುವಾಗ ಬೆರಳಷ್ಟೇ ಅದನ್ನು ಮುಟ್ಟಿತ್ತು. ಈಗ ಅದು ಬಾಯಿಗೆ ಬರಬೇಕು. ಓಡಿಹೋಗುವಷ್ಟು ಹೆದರಿಕೆಯಾಯಿತು. ಮುದುಕಿ ಅವಳ ಮಣಿಕಟ್ಟು ಹಿಡಿದುಕೊಂಡಳು.

"ಆ ದಿನ ನಾನು ಜೋಳ ಹುರೀತಿದ್ದೆ," ಎಂದಳು ನೆಲಿದಾ. "ಬಾಗಿಲು ತೆಗ್ದಿದ್ದು ನನ್ನ ಮಗ."